ಹಾಳೆಗಿಷ್ಟು ಕೂಲಿಯಿಂದ ತಿಂಗಳ ಸಂಬಳಕ್ಕೆ: ಘಿಬ್ಲಿ ಸ್ಟುಡಿಯೋದ ಪ್ರಕರಣ

2025ರ ಮಾರ್ಚ್ ಕೊನೆಯಲ್ಲಿ ಎಲ್ಲರ ಫೋನಿನಲ್ಲೂ ಘಿಬ್ಲಿ ಚಿತ್ರಗಳೇ, ಅಂದರೆ ಜಪಾನಿನ ಆನಿಮೇಶನ್ ಸ್ಟುಡಿಯೋ ಘಿಬ್ಲಿಯ ಸಿನಿಮಾಗಳ ಶೈಲಿಯ ಚಿತ್ರಗಳು. ಮದುವೆ ಫೋಟೋ, ಮಗುವಿನ ನಾಮಕರಣದ ಫೋಟೋ, ಊರ ಜಾತ್ರೆಯ ಫೋಟೋ, ಎಲ್ಲವನ್ನೂ ಜನ ಎಐ ಕೈಗೆ ಕೊಟ್ಟು ಆ ಶೈಲಿಗೆ ತಿರುಗಿಸಿಕೊಂಡು ವಾಟ್ಸಾಪ್ ಡಿಪಿ ಮಾಡಿಕೊಂಡರು. ಆ ಶೈಲಿಯನ್ನು ಪೆನ್ಸಿಲ್ ಹಿಡಿದು ಬೆಳೆಸಿದವರು ಯಾರು, ಅವರಿಗೆ ದುಡ್ಡು ಹೇಗೆ ಬರುತ್ತಿತ್ತು, ಅಷ್ಟು ವರ್ಷ ಬಗ್ಗಿ ಕೂತು ಬರೆಯುವ ಹುರುಪು ಎಲ್ಲಿಂದ ಬಂತು ಎಂಬ ಮಾತು ಮಾತ್ರ ಜಾಸ್ತಿ ಕೇಳಿಸಲಿಲ್ಲ. ಆ ಕಥೆಯನ್ನು ಇಲ್ಲಿ ಬರೆಯುತ್ತಿದ್ದೇನೆ.

ನನಗೆ ಇದು ಮುಖ್ಯ ಅನ್ನಿಸುವುದಕ್ಕೆ ಕಾರಣ ಇದೆ. ನಮ್ಮಲ್ಲಿ ಐದು ಜನ, ಹತ್ತು ಜನರ ಡಿಸೈನ್ ಸ್ಟುಡಿಯೋಗಳು, ಮದುವೆ ವಿಡಿಯೋ ಮಾಡುವ ತಂಡಗಳು, ಪುಸ್ತಕದ ಪುಟ ಕಟ್ಟುವವರು ಬೇಕಾದಷ್ಟಿದ್ದಾರೆ. ಮಾಲೀಕರ ಬಾಯಲ್ಲಿ ಒಂದೇ ದೂರು: "ಹುಡುಗರಲ್ಲಿ ಮೊದಲಿನ ಹುರುಪಿಲ್ಲ." ಅದಕ್ಕೆ ಮಾಡುವ ಮದ್ದೂ ಹೆಚ್ಚುಕಮ್ಮಿ ಒಂದೇ. ವರ್ಷಕ್ಕೊಂದು ರೆಸಾರ್ಟ್ ಟ್ರಿಪ್, ಶುಕ್ರವಾರ ಪಿಜ್ಜಾ, ಗೋಡೆಯ ಮೇಲೊಂದು ಪೋಸ್ಟರ್. ಘಿಬ್ಲಿಯವರು 1989ರಲ್ಲಿ ಬೇರೆ ಕಡೆ ಕೈ ಹಾಕಿದರು. ಅವರು ಕೂಲಿಯ ಲೆಕ್ಕವನ್ನೇ ಬದಲಿಸಿದರು.

ಸಿನಿಮಾ ಮುಗಿದರೆ ತಂಡವೂ ಮುಗಿಯಿತು

ಸ್ಟುಡಿಯೋ ಘಿಬ್ಲಿ ಶುರುವಾದದ್ದು 1985ರಲ್ಲಿ. ತೊಕುಮಾ ಶೋತೆನ್ ಎಂಬ ಪ್ರಕಾಶನ ಸಂಸ್ಥೆಯ ದುಡ್ಡು, ಟೋಕಿಯೋ ಪಕ್ಕದ ಕಿಚಿಜೋಜಿಯಲ್ಲಿ ಬಾಡಿಗೆಯ ಜಾಗ. ನಿರ್ದೇಶಕರು ಇಬ್ಬರು, ಹಯಾವೊ ಮಿಯಾಝಾಕಿ ಮತ್ತು ಇಸಾವೊ ತಕಹಾತ. ಜೊತೆಗೆ ತೋಶಿಯೊ ಸುಝುಕಿ. ಆಗ ಅವರು ತೊಕುಮಾದ ಆನಿಮೇಶನ್ ಪತ್ರಿಕೆಯ ಸಂಪಾದಕರು. ಮುಂದೆ ಪೂರ್ತಿಯಾಗಿ ಸ್ಟುಡಿಯೋಗೇ ಬಂದು ನಿರ್ಮಾಪಕರಾದರು.

ಕಾಯಂ ಕಲಾವಿದರು ಎಂದು ಯಾರೂ ಇರಲಿಲ್ಲ. ಒಂದು ಸಿನಿಮಾ ಒಪ್ಪಿಕೊಂಡರೆ ಎಪ್ಪತ್ತು ಜನರನ್ನು ಕೂಡಿಸುವುದು, ಮುಗಿದ ಕೂಡಲೇ ಕಳಿಸಿಬಿಡುವುದು. ಮುಂದಿನ ಸಿನಿಮಾ ಬಂದರೆ ಮತ್ತೆ ಕರೆಯುವುದು. ಇದು ಘಿಬ್ಲಿಯವರು ಕಂಡುಹಿಡಿದ ಪದ್ಧತಿ ಏನಲ್ಲ. ಜಪಾನಿನ ಆನಿಮೇಶನ್ ಉದ್ಯಮ ನಡೆಯುತ್ತಿದ್ದದ್ದೇ ಹಾಗೆ. ಸಿನಿಮಾ ಓಡುತ್ತದೋ ಇಲ್ಲವೋ ಗೊತ್ತಿಲ್ಲದಾಗ ಎಪ್ಪತ್ತು ಸಂಬಳ ಹೊರುವವರು ಯಾರು? ಲೆಕ್ಕ ಸರಿಯಾಗಿಯೇ ಇತ್ತು.

1988ರಲ್ಲಿ ಎರಡು ಸಿನಿಮಾ ಒಟ್ಟಿಗೆ ಬಂದವು. 1989ರ ಜುಲೈಯಲ್ಲಿ ಬಂದ 'ಕಿಕಿ'ಯನ್ನು ಜಪಾನಿನಲ್ಲಿ 26 ಲಕ್ಷಕ್ಕೂ ಹೆಚ್ಚು ಜನ ನೋಡಿದರು. ಆ ವರ್ಷದ ಜಪಾನಿ ಸಿನಿಮಾಗಳಲ್ಲಿ ಅದೇ ಮೊದಲು. ಹಾಗಾದರೆ ಚಿತ್ರ ಬರೆದವರ ಕೈಗೆ ಬಂದದ್ದೆಷ್ಟು? ಸುಝುಕಿ ಆಮೇಲೆ ಬರೆದುಕೊಂಡಂತೆ, ಆ ಹೊತ್ತಿಗೆ ಅವರ ಗಳಿಕೆ ಜಪಾನಿನ ಸಾಮಾನ್ಯ ನೌಕರರ ಗಳಿಕೆಯ ಅರ್ಧದ ಆಸುಪಾಸು.

ಕೂಲಿಯ ಲೆಕ್ಕ ಗೆರೆಯ ಮೇಲೆ ಏನು ಮಾಡುತ್ತದೆ

ಇಲ್ಲಿ ಸ್ವಲ್ಪ ನಿಂತು ನೋಡಬೇಕು. ಇಡೀ ಪ್ರಕರಣದ ಗುಟ್ಟು ಇರುವುದು ಇಲ್ಲೇ.

ಕೈಯಲ್ಲಿ ಬರೆಯುವ ಆನಿಮೇಶನ್‌ನಲ್ಲಿ ಎರಡು ಹಂತದ ಕಲಾವಿದರಿರುತ್ತಾರೆ. ಹಿರಿಯರು ಮುಖ್ಯ ಭಂಗಿಗಳನ್ನು ಬರೆಯುತ್ತಾರೆ. ಓಡುವ ಹುಡುಗಿ ಕಾಲೆತ್ತಿದ್ದು ಒಂದು ಹಾಳೆ, ಕಾಲು ಊರಿದ್ದು ಇನ್ನೊಂದು. ಆ ಎರಡರ ನಡುವಿನ ಹಾಳೆಗಳನ್ನು ತುಂಬುವವರು ಕಿರಿಯರು. ಮೇಜಿನ ಗಾಜಿನ ಕೆಳಗೆ ದೀಪ. ಅದರ ಮೇಲೆ ಎರಡು ಹಾಳೆ ಜೋಡಿಸಿ, ಮೂರನೆಯದನ್ನು ಹಾಸಿ, ಗೆರೆ ಎಲ್ಲಿ ಬರಬೇಕೆಂದು ಹುಡುಕಿ ಎಳೆಯುವುದು. ಬೆರಳ ಸಂದಿನಲ್ಲಿ ಹಾಳೆ ಹಿಡಿದು ಪಟಪಟ ತಿರುಗಿಸಿ ಚಲನೆ ಸರಿಯಿದೆಯಾ ಎಂದು ನೋಡುವುದು. ತಪ್ಪಿದ್ದರೆ ಅಳಿಸಿ ಮತ್ತೆ ಎಳೆಯುವುದು. ಹೀಗೆ 'ಕಿಕಿ'ಗೆ ಸುಮಾರು 67 ಸಾವಿರ ಚಿತ್ರ ಬೇಕಾದವು. 1997ರ 'ಪ್ರಿನ್ಸೆಸ್ ಮೊನೊನೊಕೆ'ಗೆ ಸುಮಾರು 1 ಲಕ್ಷ 44 ಸಾವಿರ.

ಈಗ ಇದಕ್ಕೆ ಹಾಳೆಗಿಷ್ಟು ಎಂದು ದುಡ್ಡು ಕಟ್ಟಿ. ಒಬ್ಬಳಿಗೆ ಸಿಕ್ಕ ಶಾಟ್‌ನಲ್ಲಿ ಒಂದು ಮುಖ ಸುಮ್ನೆ ಪಕ್ಕಕ್ಕೆ ತಿರುಗುತ್ತದೆ. ಇನ್ನೊಬ್ಬಳಿಗೆ ಸಿಕ್ಕದ್ದು ಗಾಳಿಗೆ ಅಲೆಯುವ ಹುಲ್ಲುಗಾವಲು, ಇಲ್ಲವೇ ಸಂತೆಯ ಜನಜಂಗುಳಿ. ಮೊದಲನೆಯವಳು ಇಪ್ಪತ್ತು ಹಾಳೆ ಮುಗಿಸುವ ಹೊತ್ತಿಗೆ ಎರಡನೆಯವಳದು ನಾಲ್ಕೂ ಆಗಿರುವುದಿಲ್ಲ. ತಿಂಗಳ ಕೊನೆಗೆ ಯಾರ ಕೈ ತುಂಬುತ್ತದೆ? ಹೀಗಿರುವಾಗ ಕಷ್ಟದ ಶಾಟ್ ನನಗೆ ಬರದಿರಲಿ ಎಂದು ಎಲ್ಲರೂ ಬೇಡಿಕೊಳ್ಳುವುದು ಸಹಜ. ಬಂದರೂ ಗೆರೆ ಕಡಿಮೆ ಮಾಡಿ, ಬೇಗ ಮುಗಿಸಿ ಕೊಡುತ್ತಾರೆ. ಅವರನ್ನು ದೂರುವ ಹಾಗಿಲ್ಲ. ಬಾಡಿಗೆ ಕಟ್ಟಬೇಕಲ್ಲ.

ಆದರೆ ಮಿಯಾಝಾಕಿ, ತಕಹಾತ ಮಾಡಲು ಹೊರಟ ಸಿನಿಮಾದ ಜೀವ ಇದ್ದದ್ದೇ ಆ ಹುಲ್ಲಿನಲ್ಲಿ, ನೀರಿನಲ್ಲಿ, ಜನಜಂಗುಳಿಯಲ್ಲಿ. ಸಂಸ್ಥೆ ಬಾಯಲ್ಲಿ ಕೇಳುತ್ತಿದ್ದದ್ದು ಒಂದು, ದುಡ್ಡು ಕೊಡುತ್ತಿದ್ದದ್ದು ಅದರ ತದ್ವಿರುದ್ಧವಾದ ಇನ್ನೊಂದಕ್ಕೆ. ಇಂಥ ಕಡೆ ಎಷ್ಟು ಹುರಿದುಂಬಿಸಿದರೂ ಮಾತು ನಾಟುವುದಿಲ್ಲ. ನಮ್ಮಲ್ಲೂ ಶಾಟ್‌ಗಿಷ್ಟು, ಪುಟಕ್ಕಿಷ್ಟು, ಕ್ರಿಯೇಟಿವ್‌ಗಿಷ್ಟು ಎಂದು ಕೊಟ್ಟು, "ಹೊಸದೇನೂ ಯೋಚನೆ ಮಾಡಲ್ಲ ಇವರು" ಎನ್ನುವವರು ಈ ಮೇಜನ್ನು ಒಮ್ಮೆ ಕಣ್ಣ ಮುಂದೆ ತಂದುಕೊಳ್ಳಬೇಕು.

1989ರ ನವೆಂಬರ್

'ಕಿಕಿ' ಆಗುವ ಹೊತ್ತಿಗೆ ಘಿಬ್ಲಿಯನ್ನು ಮುಚ್ಚಿಬಿಡೋಣ ಎಂಬ ಮಾತೂ ಇತ್ತು. ಒಂದೇ ಕಡೆ ಮೂರು ಸಿನಿಮಾ ಮಾಡಿದ ಮೇಲೆ ಜನರ ನಡುವಿನ ಸಂಬಂಧ ಕೆಡುತ್ತದೆ, ಆಗ ಬಿಟ್ಟು ಹೊರಡುವುದೇ ಒಳ್ಳೆಯದು ಎಂದು ಮಿಯಾಝಾಕಿ ಯೋಚಿಸುತ್ತಿದ್ದರು. ಮುಂದುವರಿಸೋಣ ಎಂದದ್ದು ಸುಝುಕಿ. ಮುಂದುವರಿಸುವುದಾದರೆ ಹೀಗೆ ಬೇಡ ಎಂದು ಮಿಯಾಝಾಕಿ ಪಟ್ಟು ಹಿಡಿದರು.

ಆ ಪಟ್ಟಿನ ಬೇರು ಹಳೆಯದು. ಮಿಯಾಝಾಕಿ 1963ರಲ್ಲಿ ತೋಯಿ ಎಂಬ ದೊಡ್ಡ ಸಂಸ್ಥೆಯ ಆನಿಮೇಶನ್ ವಿಭಾಗಕ್ಕೆ ನಡುವಿನ ಚಿತ್ರ ಬರೆಯುವ ಹುಡುಗನಾಗಿ ಸೇರಿದವರು. ಮರುವರ್ಷವೇ ಅಲ್ಲಿನ ಕಾರ್ಮಿಕ ಸಂಘದ ಕಾರ್ಯದರ್ಶಿಯಾದರು. ತಕಹಾತ ಅದೇ ಸಂಘದ ಉಪಾಧ್ಯಕ್ಷರು. ಇಬ್ಬರ ಸ್ನೇಹ ಗಟ್ಟಿಯಾದದ್ದು ಸಂಘದ ಕೆಲಸದಲ್ಲಿ. ಹಾಗಾಗಿ ಕೂಲಿಯ ಪ್ರಶ್ನೆ ಅವರಿಗೆ ಕಲೆಯಿಂದ ಬೇರೆಯಾದ, ಆಫೀಸಿನವರು ನೋಡಿಕೊಳ್ಳುವ ವಿಷಯ ಆಗಿರಲಿಲ್ಲ. ಎಷ್ಟೋ ಸಣ್ಣ ಸ್ಟುಡಿಯೋಗಳಲ್ಲಿ ಕಲೆ ಗೊತ್ತಿರುವವರು ದುಡ್ಡಿನ ಮಾತಿಗೆ ಬರುವುದಿಲ್ಲ, ದುಡ್ಡು ನೋಡುವವರಿಗೆ ಮೇಜಿನ ಕಷ್ಟ ಗೊತ್ತಿರುವುದಿಲ್ಲ. ಇಲ್ಲಿ ಎರಡೂ ಒಂದೇ ತಲೆಯಲ್ಲಿ ಇದ್ದವು.

ನವೆಂಬರ್‌ನಿಂದ ಕಲಾವಿದರು ಕಾಯಂ ನೌಕರರಾದರು. ಹಾಳೆಯ ಲೆಕ್ಕ ಹೋಯಿತು, ತಿಂಗಳ ಸಂಬಳ ಬಂತು. ಗಳಿಕೆಯನ್ನು ಎರಡು ಪಟ್ಟು ಮಾಡಬೇಕು ಎಂಬುದು ಗುರಿ. ಇನ್ನೊಂದು ಗುರಿಯೂ ಇತ್ತು. ಪ್ರತಿವರ್ಷ ಹೊಸಬರನ್ನು ತೆಗೆದುಕೊಂಡು ಒಳಗೇ ಕಲಿಸುವುದು. ಈ ಎರಡನೆಯದನ್ನು ಜನ ಮರೆಯುತ್ತಾರೆ. ಆದರೆ ಎರಡೂ ಒಂದಕ್ಕೊಂದು ಅಂಟಿಕೊಂಡಿವೆ. ಸಿನಿಮಾ ಮುಗಿದ ಮೇಲೆ ಬಿಟ್ಟು ಹೋಗುವವನಿಗೆ ಯಾರು ಕೂತು ಕಲಿಸುತ್ತಾರೆ? ಹಾಳೆಗೆ ದುಡ್ಡು ಎಂದಾಗ ಪಕ್ಕದವನ ಕೈ ತಿದ್ದಲು ಹಿರಿಯನು ಕಳೆಯುವ ಒಂದೊಂದು ಗಂಟೆಯೂ ಅವನ ಜೇಬಿಗೆ ಕತ್ತರಿ. ಸಂಬಳ ಬಂದ ಮೇಲೆ ಹಿರಿಯರಿಗೆ ಕಲಿಸುವುದಕ್ಕೆ ಪುರುಸೊತ್ತು ಸಿಕ್ಕಿತು. ಕಿರಿಯರಿಗೆ ತಪ್ಪು ಮಾಡುವುದಕ್ಕೂ ಸಿಕ್ಕಿತು.

ಬಿಲ್ಲು ಬಂತು

ಕೈಯಲ್ಲಿ ಬರೆಯುವ ಸಿನಿಮಾದ ಖರ್ಚಿನಲ್ಲಿ ಹೆಚ್ಚುಕಮ್ಮಿ ನೂರಕ್ಕೆ ಎಂಬತ್ತು ಭಾಗ ಜನರ ಕೂಲಿಯೇ. ಕೂಲಿ ಎರಡು ಪಟ್ಟಾದರೆ ಸಿನಿಮಾದ ಖರ್ಚೂ ಹತ್ತಿರಹತ್ತಿರ ಎರಡು ಪಟ್ಟು. ತಕಹಾತ ನಿರ್ದೇಶಿಸಿ 1991ರ ಜುಲೈಯಲ್ಲಿ ಬಂದ ಸಿನಿಮಾ ಈ ಹೊಸ ಲೆಕ್ಕದ ಮೊದಲ ಪರೀಕ್ಷೆ. ಅಷ್ಟು ದುಡ್ಡು ವಾಪಸ್ ಬರಬೇಕಾದರೆ ಥಿಯೇಟರಿಗೆ ಇನ್ನೂ ಹೆಚ್ಚು ಜನ ಬರಬೇಕು. ಸುಝುಕಿ ಪ್ರಚಾರವನ್ನು ಗಂಭೀರವಾಗಿ ಹಿಡಿದದ್ದು ಆಗ. ಆ ವರ್ಷ ಜಪಾನಿ ಸಿನಿಮಾಗಳಲ್ಲಿ ಅದೇ ಮೊದಲ ಸ್ಥಾನಕ್ಕೆ ಬಂತು. ಕಲಾವಿದರಿಗೆ ಒಳ್ಳೆಯ ಸಂಬಳ ಕೊಡಬೇಕು ಅಂದರೆ ಮಾರುವ ಕೆಲಸವನ್ನೂ ಅಷ್ಟೇ ಚೆನ್ನಾಗಿ ಮಾಡಬೇಕು. ಸಂಬಳ ಏರಿಸಿ ಮಾರುವವರನ್ನು ಅದೇ ಸ್ಥಿತಿಯಲ್ಲಿ ಬಿಟ್ಟರೆ ಆ ಏರಿಕೆ ಹೆಚ್ಚು ದಿನ ನಿಲ್ಲದು.

ಇನ್ನೊಂದು ಬದಲಾವಣೆ ಇದಕ್ಕಿಂತ ದೊಡ್ಡದು. ಮೊದಲು ಸಿನಿಮಾ ಮುಗಿದ ಮೇಲೆ ಎಲ್ಲರೂ ಉಸಿರು ಬಿಟ್ಟು, ಮುಂದಿನದನ್ನು ನಿಧಾನಕ್ಕೆ ಯೋಚಿಸಬಹುದಿತ್ತು. ಈಗ ತಿಂಗಳು ಮುಗಿದರೆ ಸಂಬಳ. ಕಲಾವಿದರ ಕೈ ಖಾಲಿ ಕೂತರೂ ಸಂಬಳ. ಅಂದಮೇಲೆ ಒಂದು ಸಿನಿಮಾ ಮುಗಿಯುವ ಮೊದಲೇ ಇನ್ನೊಂದು ತಯಾರಿರಬೇಕು. ತಕಹಾತರ ಸಿನಿಮಾಕ್ಕೆ ಇಡೀ ಸ್ಟುಡಿಯೋ ದುಡಿಯುತ್ತಿದ್ದಾಗಲೇ ಮಿಯಾಝಾಕಿ ಮುಂದಿನ ಸಿನಿಮಾದ ಕೆಲಸಕ್ಕೆ ಕೂತರು, ಶುರುವಿನಲ್ಲಿ ಬಹುಮಟ್ಟಿಗೆ ಒಬ್ಬರೇ. ಅದು ಜಪಾನ್ ಏರ್‌ಲೈನ್ಸ್ ವಿಮಾನದಲ್ಲಿ ತೋರಿಸುವ ಸಣ್ಣ ಚಿತ್ರವಾಗಿ ಹುಟ್ಟಿದ್ದು. ಬೆಳೆಯುತ್ತಾ ಪೂರ್ತಿ ಸಿನಿಮಾ ಆಗಿ 1992ರ ಜುಲೈಯಲ್ಲಿ ತೆರೆಗೆ ಬಂತು.

ಕಾಯಂ ಸಂಬಳಕ್ಕೆ ಹೋಗಲು ಯೋಚಿಸುತ್ತಿರುವ ನಮ್ಮ ಸಣ್ಣ ಸ್ಟುಡಿಯೋಗಳಿಗೆ ನಾನು ಹೇಳುವುದು ಇದನ್ನೇ. "ನಮ್ಮಿಂದ ಸಂಬಳ ಕೊಡಕ್ಕಾಗುತ್ತಾ" ಎಂದು ಕೇಳಿಕೊಳ್ಳುವುದು ಸಾಲದು. ದೀಪಾವಳಿಗೆ ಮುಗಿಯುವ ಕೆಲಸದ ಮುಂದಿನದು ಗಣೇಶನ ಹಬ್ಬದ ಹೊತ್ತಿಗೇ ಮೇಜಿನ ಮೇಲೆ ಇರುತ್ತದಾ ಎಂದು ಕೇಳಿಕೊಳ್ಳಬೇಕು. ಇಲ್ಲದಿದ್ದರೆ ಸಂಬಳದ ಭಯಕ್ಕೆ ಸಿಕ್ಕಿದ ಕೆಲಸವನ್ನೆಲ್ಲ ಒಪ್ಪಿಕೊಂಡು, ಉಳಿಸಲು ಹೊರಟ ಹುರುಪನ್ನೇ ಕಳೆದುಕೊಳ್ಳುವ ಹಾಗಾಗುತ್ತದೆ.

ಕೂರುವ ಜಾಗ

ಜನ ಹೆಚ್ಚಾದರು, ಬಾಡಿಗೆ ಜಾಗ ಸಾಲದಾಯಿತು. ಸಂಬಳವೇ ಭಾರವಾಗಿದ್ದ ಹೊತ್ತಿನಲ್ಲಿ ಮಿಯಾಝಾಕಿ ಸ್ವಂತ ಕಟ್ಟಡ ಕಟ್ಟೋಣ ಎಂದರು. ತೊಕುಮಾ ಸಂಸ್ಥೆಯ ಅಧ್ಯಕ್ಷ ಯಸುಯೋಶಿ ತೊಕುಮಾ ಒಪ್ಪಿದರು. ಟೋಕಿಯೋದ ಪಶ್ಚಿಮಕ್ಕಿರುವ ಕೊಗನೇಯಿ ಊರಿನಲ್ಲಿ ಕಟ್ಟಡ ಎದ್ದು, 1992ರ ಬೇಸಿಗೆ ಮುಗಿಯುವುದರೊಳಗೆ ತಂಡ ಅಲ್ಲಿಗೆ ಹೋಯಿತು. ಅದರ ನಕ್ಷೆಯ ಮೂಲ ರೂಪ ಬರೆದದ್ದು ಮಿಯಾಝಾಕಿಯೇ. ಒಂದು ಕಡೆ ಸಿನಿಮಾ, ಇನ್ನೊಂದು ಕಡೆ ಕಟ್ಟಡದವರ ಜೊತೆ ಮಾತುಕತೆ, ಸಾಮಾನಿನ ತಪಾಸಣೆ.

ಆ ನಕ್ಷೆಯಲ್ಲಿ ನನಗೆ ತುಂಬ ಇಷ್ಟವಾದದ್ದು ಹೆಂಗಸರ ಶೌಚಾಲಯ. ಗಂಡಸರದ್ದಕ್ಕಿಂತ ಎರಡು ಪಟ್ಟು ದೊಡ್ಡದು. ನಡುವಿನ ಚಿತ್ರ ಬರೆಯುವವರಲ್ಲಿ, ಬಣ್ಣ ತುಂಬುವವರಲ್ಲಿ ಹೆಂಗಸರ ಸಂಖ್ಯೆ ದೊಡ್ಡದು. ಅವರು ದಿನಕ್ಕೆ ಎಷ್ಟು ಸಲ ಸಾಲಿನಲ್ಲಿ ಕಾಯುತ್ತಾರೆ ಎಂದು ಗಮನಿಸಿದವರು ಮಾತ್ರ ಹೀಗೆ ಗೆರೆ ಎಳೆಯಬಲ್ಲರು. ಕಾರು ನಿಲ್ಲಿಸುವ ಜಾಗ ಕಡಿಮೆ ಮಾಡಿ ಗಿಡಮರಕ್ಕೆ ಬಿಟ್ಟರು. ಸುಮ್ಮನೆ ಕೂತು ಮಾತಾಡುವುದಕ್ಕೆ ಅಂತ ಒಂದು ಅಗಲವಾದ ಜಾಗ ಇಟ್ಟರು. ಮುಂದೆ 2008ರಲ್ಲಿ ನೌಕರರ ಮಕ್ಕಳಿಗೆ ಅಂತ ಪಕ್ಕದಲ್ಲೇ ಶಿಶುವಿಹಾರವೂ ಬಂತು.

ಮಧ್ಯಾಹ್ನ ರೇಡಿಯೋ ಸಂಗೀತಕ್ಕೆ ಎಲ್ಲರೂ ಎದ್ದು ನಿಂತು ಕೈಕಾಲು ಆಡಿಸುವುದು, ರಾತ್ರಿ ಹೊತ್ತಾದಾಗ ಮಿಯಾಝಾಕಿ ದೊಡ್ಡ ಪಾತ್ರೆಯಲ್ಲಿ ನೂಡಲ್ಸ್ ಬೇಯಿಸಿ ಎಲ್ಲರಿಗೂ ಹಾಕುವುದು, ಇಂಥ ದೃಶ್ಯಗಳು ಸಾಕ್ಷ್ಯಚಿತ್ರಗಳಲ್ಲಿವೆ. ನೋಡಲು ಚೆಂದ. ಘಿಬ್ಲಿಯ ಬಗ್ಗೆ ಮಾತಾಡುವವರು ಇವನ್ನೇ ಮೊದಲು ಹೇಳುತ್ತಾರೆ. ನಾನು ಇವನ್ನು ಕೊನೆಗೆ ಇಡುತ್ತೇನೆ. ಅರ್ಧ ಸಂಬಳದ ಮೇಲೆ ಬಡಿಸಿದ ನೂಡಲ್ಸ್‌ಗೆ ಬೇರೆಯದೇ ರುಚಿ ಇರುತ್ತದೆ.

ಕೆಲಸಕ್ಕೆ ನೇರವಾಗಿ ಜೀವ ತುಂಬಿದ್ದು ಪ್ರವಾಸಗಳು ಅನ್ನಿಸುತ್ತದೆ. ರೆಸಾರ್ಟಿಗಲ್ಲ, ಸಿನಿಮಾ ನಡೆಯುವ ಜಾಗಕ್ಕೆ. 'ಕಿಕಿ'ಗೆ ಮೊದಲು ಸ್ವೀಡನ್ನಿನ ವಿಸ್ಬಿ ಮತ್ತು ಸ್ಟಾಕ್‌ಹೋಮ್. 'ಮೊನೊನೊಕೆ'ಗೆ ಮೊದಲು ಜಪಾನಿನ ದಕ್ಷಿಣದ ಯಾಕುಶಿಮಾ ದ್ವೀಪ. ಅಲ್ಲಿ ಪಾಚಿ ಹಿಡಿದ ಬಂಡೆಗಳು, ಸಾವಿರಾರು ವರ್ಷದ ದೇವದಾರು ಮರಗಳು. ಹಿನ್ನೆಲೆ ಚಿತ್ರ ಬರೆಯುವವರೇ ಹೋಗಿ ಆ ಹಸಿರನ್ನು ನೋಡಿ ಬಂದರು. ನಿರ್ದೇಶಕ ಒಬ್ಬನೇ ನೋಡಿ ಬಂದು ವರ್ಣಿಸುವುದಕ್ಕೂ, ಬರೆಯುವ ಕೈಯೇ ಹೋಗಿ ಬರುವುದಕ್ಕೂ ಎಷ್ಟು ವ್ಯತ್ಯಾಸ!

ನೋವಿನ ಭಾಗ

ಇಷ್ಟಾದರೂ ದಣಿವು ಹೋಗಲಿಲ್ಲ. 'ಮೊನೊನೊಕೆ'ಯ 1 ಲಕ್ಷ 44 ಸಾವಿರ ಚಿತ್ರಗಳಲ್ಲಿ ಸುಮಾರು 80 ಸಾವಿರವನ್ನು ಮಿಯಾಝಾಕಿ ತಾವೇ ನೋಡಿ ತಿದ್ದಿದರು ಎಂಬ ಮಾತನ್ನು ಎಲ್ಲರೂ ಮೆಚ್ಚಿ ಹೇಳುತ್ತಾರೆ. ನನಗೆ ಅದರಲ್ಲಿ ಆತಂಕವೂ ಕಾಣುತ್ತದೆ. ಅಷ್ಟನ್ನೂ ಒಬ್ಬರೇ ತಿದ್ದುವ ಕಡೆ ಎರಡನೆಯವರು ಬೆಳೆಯುವುದು ಕಷ್ಟ.

ಎರಡನೆಯವರು ಇದ್ದರು. ಯೋಶಿಫುಮಿ ಕೊಂಡೊ. ಮಿಯಾಝಾಕಿ, ತಕಹಾತ ಇಬ್ಬರ ನಂತರ ಸ್ಟುಡಿಯೋವನ್ನು ನಡೆಸುವವರು ಎಂದು ಎಲ್ಲರೂ ನಂಬಿದ್ದ ಕಲಾವಿದ. 1995ರಲ್ಲಿ ಒಂದು ಸಿನಿಮಾ ನಿರ್ದೇಶಿಸಿದರು, ಜನ ಮೆಚ್ಚಿದರು. 'ಮೊನೊನೊಕೆ'ಗೂ ದುಡಿದರು. 1998ರ ಜನವರಿಯಲ್ಲಿ, 47ನೇ ವಯಸ್ಸಿನಲ್ಲಿ, ರಕ್ತನಾಳ ಒಡೆದು ತೀರಿಕೊಂಡರು. ಅತಿಯಾದ ಕೆಲಸವೇ ಕಾರಣ ಎಂಬ ಮಾತು ಆಗಿನಿಂದಲೂ ಇದೆ. ತಿಂಗಳ ಸಂಬಳ ಹೊಟ್ಟೆಯ ಚಿಂತೆ ಕಳೆಯುತ್ತದೆ ನಿಜ. ಆದರೆ ಒಳ್ಳೆಯ ಕೆಲಸಗಾರ ತನ್ನನ್ನು ತಾನೇ ಸವೆಸಿಕೊಳ್ಳುವುದನ್ನು ಅದು ತಡೆಯುವುದಿಲ್ಲ. ಅದನ್ನು ತಡೆಯಲು ಯಾರಾದರೂ ಎದ್ದು "ಸಾಕು, ಮನೆಗೆ ಹೋಗು" ಎನ್ನಬೇಕು. ಘಿಬ್ಲಿಯಲ್ಲಿ ಆ ದನಿ ಸಾಲದಾಯಿತು ಎಂದೇ ನನ್ನ ಅಭಿಪ್ರಾಯ.

ಹೊಸಬರ ವಿಷಯದಲ್ಲೂ ಇದೇ ತೊಡಕು. 2009ರಲ್ಲಿ ಹೊಸ ಕಲಾವಿದರನ್ನು ಕೊಗನೇಯಿಯಲ್ಲಿ ಇಡದೆ, ಟೊಯೊಟಾ ನಗರದಲ್ಲಿರುವ ಕಾರು ಕಂಪನಿಯ ಕಟ್ಟಡದಲ್ಲಿ ಬೇರೆಯಾಗಿ ಕೂರಿಸಿ ಕಲಿಸುವ ಪ್ರಯತ್ನ ನಡೆಯಿತು. ಹಿರಿಯರ ನೆರಳಿನಿಂದ ದೂರ ಇಡುವ ಯೋಚನೆ. ಕಲಿಸಲೆಂದೇ ಕಟ್ಟಿದ ಸ್ಟುಡಿಯೋ ತನ್ನ ಹೊಸಬರನ್ನು ತನ್ನಿಂದಲೇ ದೂರ ಇಡಬೇಕಾದದ್ದು ಗಮನಿಸಬೇಕಾದ ಸಂಗತಿ.

2014

2013ರ ಸೆಪ್ಟೆಂಬರ್‌ನಲ್ಲಿ ಮಿಯಾಝಾಕಿ ಪೂರ್ತಿ ಸಿನಿಮಾ ಇನ್ನು ಮಾಡುವುದಿಲ್ಲ ಎಂದು ಹೇಳಿದರು. ನವೆಂಬರ್‌ನಲ್ಲಿ ತಕಹಾತರ ಕೊನೆಯ ಸಿನಿಮಾ ಬಂತು. ಅದಕ್ಕೆ ಸುಮಾರು ಎಂಟು ವರ್ಷ ಹಿಡಿದಿತ್ತು, ಸುಮಾರು 500 ಕೋಟಿ ಯೆನ್ ಖರ್ಚಾಗಿತ್ತು. ಜಪಾನಿನ ಗಲ್ಲಾಪೆಟ್ಟಿಗೆಯಲ್ಲಿ ಬಂದದ್ದು ಅದರ ಅರ್ಧದಷ್ಟು. 1989ರಲ್ಲಿ ಹಾಕಿಕೊಂಡ ಲೆಕ್ಕ ನಿಂತಿದ್ದದ್ದು ಒಂದೇ ಆಧಾರದ ಮೇಲೆ. ಮುಂದಿನ ಸಿನಿಮಾ ಇರಬೇಕು, ಅದು ಓಡಬೇಕು. ಆ ಆಧಾರ ಹೋಯಿತು. 2014ರ ಆಗಸ್ಟ್‌ನಲ್ಲಿ ಸುಝುಕಿ ಟಿವಿಯಲ್ಲಿ ಕೂತು, ನಿರ್ಮಾಣ ವಿಭಾಗವನ್ನು ಮುಚ್ಚುತ್ತೇವೆ ಎಂದರು. ವರ್ಷದ ಕೊನೆಗೆ ಕಲಾವಿದರು ಹೊರಟರು.

ಹಾಗಾದರೆ ತೀರ್ಮಾನವೇ ತಪ್ಪಾಗಿತ್ತಾ? ನನಗೆ ಹಾಗನ್ನಿಸುವುದಿಲ್ಲ. ಆ 25 ವರ್ಷದಲ್ಲಿ ಆದ ಕೆಲಸವನ್ನು ನೋಡಿ. 2003ರಲ್ಲಿ ಆಸ್ಕರ್ ಬಂದ 'ಸ್ಪಿರಿಟೆಡ್ ಅವೇ' ಅದರಲ್ಲಿ ಒಂದು. ಹೊರಟವರೂ ಬರಿಗೈಯಲ್ಲಿ ಹೊರಡಲಿಲ್ಲ. ಕೆಲವರು ಮರುವರ್ಷವೇ ಸೇರಿ ಪೊನೊಕ್ ಎಂಬ ಸ್ಟುಡಿಯೋ ಕಟ್ಟಿದರು. ಕಾಯಂ ಸಂಬಳ ತಪ್ಪಲ್ಲ. ಇಬ್ಬರ ಹೆಸರಿನ ಮೇಲೆ ಮಾತ್ರ ಅಷ್ಟೂ ಜನರ ಸಂಬಳ ನಿಲ್ಲಿಸಿದ್ದು ತಪ್ಪು. ಒಬ್ಬ ಮಾಲೀಕನ ಕೈಚಳಕಕ್ಕೇ ಗಿರಾಕಿಗಳು ಬರುವ ಪ್ರತಿ ಸಣ್ಣ ಸ್ಟುಡಿಯೋದಲ್ಲೂ ಇದೇ ಅಪಾಯ ಇದೆ.

ಮತ್ತೆ ಕರೆದಾಗ

ಮಿಯಾಝಾಕಿ ಸುಮ್ಮನೆ ಕೂರಲಿಲ್ಲ. 2017ರ ಮೇ ತಿಂಗಳಲ್ಲಿ ಘಿಬ್ಲಿ ಮತ್ತೆ ಕಲಾವಿದರು ಬೇಕು ಎಂದು ಜಾಹೀರಾತು ಕೊಟ್ಟಿತು. ಈ ಸಲ ಕಾಯಂ ಅಲ್ಲ, ಮೂರು ವರ್ಷದ ಕರಾರು. ಆದರೆ ಹಾಳೆಯ ಲೆಕ್ಕವೂ ಅಲ್ಲ. ತಿಂಗಳಿಗೆ 2 ಲಕ್ಷ ಯೆನ್‌ಗೆ ಕಡಿಮೆ ಇಲ್ಲದ ಸಂಬಳ. 1985ರ ಪದ್ಧತಿಗೂ 1989ರ ಪದ್ಧತಿಗೂ ನಡುವಿನ ದಾರಿ ಇದು. ಒಂದೇ ಸಿನಿಮಾಕ್ಕೆ ಸೇರಿಸುವುದು, ಆದರೆ ಅಷ್ಟು ದಿನ ತಿಂಗಳ ದುಡ್ಡಿನ ಭರವಸೆ ಕೊಡುವುದು. ಮುಂದಿನ ಕೆಲಸ ಖಾತ್ರಿ ಇಲ್ಲದ ಸಣ್ಣ ಸಂಸ್ಥೆಗೆ ಇದು ಪ್ರಾಮಾಣಿಕವಾದ ದಾರಿ. ಎಷ್ಟು ದಿನ ಎಂದು ಮೊದಲೇ ಹೇಳಿದರೆ ಕೆಲಸಕ್ಕೆ ಬರುವವನೂ ತನ್ನ ಮನೆಯ ಲೆಕ್ಕ ಹಾಕಿಕೊಳ್ಳಬಹುದು.

2020ರಲ್ಲಿ ಸುಝುಕಿ ಒಂದು ಲೆಕ್ಕ ಕೊಟ್ಟರು. 1988ರ 'ಟೊಟೊರೊ'ವನ್ನು ಎಂಟು ಜನ ಆನಿಮೇಟರ್‌ಗಳು ಎಂಟು ತಿಂಗಳಲ್ಲಿ ಮುಗಿಸಿದ್ದರು. ಈ ಹೊಸ ಸಿನಿಮಾಕ್ಕೆ 60 ಜನ ಕೂತು ತಿಂಗಳಿಗೆ ಒಂದು ನಿಮಿಷದ ಚಿತ್ರ ಮಾಡುತ್ತಿದ್ದರು. ಮೂರು ವರ್ಷಕ್ಕೆ 36 ನಿಮಿಷ. ಹಾಳೆಯ ಲೆಕ್ಕವೇ ವಾಸಿ, ಜನ ಬೇಗ ದುಡಿಯುತ್ತಿದ್ದರು ಎಂದು ಇದನ್ನು ಓದಿ ಯಾರಾದರೂ ಹೇಳಬಹುದು. ನಾನು ಒಪ್ಪುವುದಿಲ್ಲ. ಈ ಸಲ ಗಡುವು ಇಡಬಾರದು ಎಂದು ನಿರ್ಧರಿಸಿದ್ದೇ ಸ್ಟುಡಿಯೋ. ನಿಧಾನ ಅವರ ಆಯ್ಕೆ. ಕೈಯಲ್ಲಿ ಬರೆದ ಅಂಥ ದಟ್ಟ ಚಲನೆಗೆ ಅಷ್ಟು ಸಮಯ ಬೇಕು ಎಂದು ಒಪ್ಪಿ, ಆ ಸಮಯಕ್ಕೆ ದುಡ್ಡು ಕೊಟ್ಟರು. ಸಿನಿಮಾ ತೆರೆಗೆ ಬಂದದ್ದು 2023ರ ಜುಲೈಯಲ್ಲಿ. 2024ರ ಮಾರ್ಚ್‌ನಲ್ಲಿ ಅದಕ್ಕೂ ಆಸ್ಕರ್ ಬಂತು.

ಅದರ ನಡುವೆ, 2023ರ ಅಕ್ಟೋಬರ್‌ನಲ್ಲಿ, ಘಿಬ್ಲಿ ನಿಪ್ಪಾನ್ ಟಿವಿಯ ಅಂಗಸಂಸ್ಥೆಯಾಯಿತು. ಆಗ ಮಿಯಾಝಾಕಿಗೆ 82 ವರ್ಷ, ಸುಝುಕಿಗೆ 75. ಸಂಸ್ಥೆಯನ್ನು ಮುಂದೆ ನಡೆಸುವವರು ಯಾರು ಎಂಬುದು ಬಹಳ ದಿನದಿಂದ ಬಗೆಹರಿಯದೆ ಉಳಿದಿತ್ತು ಎಂದು ಅವರೇ ಕಾರಣ ಕೊಟ್ಟರು. ಆಡಳಿತ ಟಿವಿಯವರದು, ಸಿನಿಮಾ ಮಾಡುವುದು ಸ್ಟುಡಿಯೋದವರದು ಎಂಬ ಒಪ್ಪಂದ. ಸಂಬಳದ ಪಟ್ಟಿಗೆ ಸಹಿ ಹಾಕುವವರೂ ದೀಪದ ಮೇಜಿನ ಕಷ್ಟ ಬಲ್ಲವರೂ ಇನ್ನು ಮೇಲೆ ಬೇರೆ ಬೇರೆ. 1989ರ ತೀರ್ಮಾನ ಸಾಧ್ಯವಾದದ್ದೇ ಆ ಎರಡೂ ಒಬ್ಬರಲ್ಲಿ ಇದ್ದದ್ದರಿಂದ ಎಂದು ನಂಬಿರುವ ನನಗೆ, ಈ ಹೊಸ ಏರ್ಪಾಡಿನ ಬಗ್ಗೆ ಇರುವ ಚಿಂತೆ ಅದೊಂದೇ.